ಅಡುಗೆಮನೆ ಕಬೋರ್ಡ್: ಆಚಾರ್ರ ಕೈಲಿ ಮಾಡಿಸೋದಾ, ಫ್ಯಾಕ್ಟರಿದು ತರೋದಾ?

ಸಾಗರದ ಹುಡುಗಿ:
ಎಲ್ರಿಗೂ ನಮಸ್ಕಾರ. ಹಳೇ ಮನೆ, ಅಡುಗೆಮನೆ ಮಾತ್ರ ಹೊಸದಾಗಿ ಮಾಡಿಸ್ತಿದೀವಿ, ಎಲ್ ಶೇಪ್ ಕಟ್ಟೆ. ಊರಿನ ಆಚಾರ್ರು ಮನೆಗೇ ಬಂದು ಪ್ಲೈವುಡ್ಡಲ್ಲಿ ಮಾಡ್ಕೊಡ್ತೀನಿ, ಒಂದು ತಿಂಗಳು ಬೇಕು ಅಂತಾರೆ, ಶಿವಮೊಗ್ಗದ ಮಾಡ್ಯುಲರ್ ಅಂಗಡಿಯವ್ರು ಫ್ಯಾಕ್ಟರಿಯಿಂದ ಬಂದ್ಮೇಲೆ ಎರಡೇ ದಿನದಲ್ಲಿ ಫಿಟ್ಟಿಂಗ್ ಅಂತಾರೆ. ರೇಟಲ್ಲಿ ಅಂಥಾ ವ್ಯತ್ಯಾಸ ಇಲ್ಲ. ಅಮ್ಮಂಗೆ ಫ್ಯಾಕ್ಟರಿ ಫಿನಿಶಿಂಗ್ ಇಷ್ಟ, ನಂಗೆ ಮಳೆಗಾಲದ್ದೇ ಹೆದ್ರಿಕೆ, ನಮ್ಮಲ್ಲಿ ಉಪ್ಪಿನ ಭರಣಿನೂ ನೀರು ಬಿಡತ್ತೆ. ಏನ್ ಮಾಡ್ಲಿ?

ಬೆಂಗಳೂರು ಬಾಡಿಗೆ ಬಿಟ್ಟವ:
ನಾವು 2019ರಲ್ಲಿ ಫ್ಯಾಕ್ಟರಿದೇ ಹಾಕ್ಸಿದ್ವಿ. ಮೇಲಿನ ಕಬೋರ್ಡ್ ಇವತ್ತಿಗೂ ಹೊಸದರ ಥರಾನೇ ಇದೆ. ಸಿಂಕ್ ಕೆಳಗಿನ ಪೈಪ್ ಸಣ್ಣಗೆ ಜಿನುಗ್ತಿದ್ದದ್ದು ಗೊತ್ತೇ ಆಗ್ಲಿಲ್ಲ, ಒಂದಿನ ಬಾಗಿಲು ಎಳೆದ್ರೆ ಹಿಂಜ್ ಸ್ಕ್ರೂ ಸಮೇತ ಕೈಗೇ ಬಂತು, ತೂತಿಂದ ಒದ್ದೆ ಮರದ ಪುಡಿ ಉದುರ್ತು, ತಳದ ಹಲಗೆ ಚಹಾದಲ್ಲಿ ಅದ್ದಿದ ರಸ್ಕ್ ಥರ ಉಬ್ಬಿತ್ತು. ಮರದ ಪುಡಿನ ಅಂಟು ಹಾಕಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು. ಕೊಟೇಶನ್ನಲ್ಲಿ ಬರೆದೇ ಇತ್ತು, ನಾವು ಬಣ್ಣ ನೋಡಿ ಸೈನ್ ಹಾಕಿದ್ವಿ.

ಉಳಿ ಗರಗಸ:
ಮೇಡಂ, ನಾನು ಇದೇ ಕೆಲ್ಸದವ್ನು, 18 ವರ್ಷ ಆಯ್ತು. ಅಂಚಿಗೆ ಪಟ್ಟಿ ಹಾಕೋದ್ರಲ್ಲಿ ಮೆಷಿನ್ನಿನ ಸಮಕ್ಕೆ ಕೈಕೆಲ್ಸ ಬರಲ್ಲ, ಆ ಮಾತು ನಿಜ. ಆದ್ರೆ ಹಳೇ ಮನೆ ಗೋಡೆ ನೆಟ್ಟಗಿರಲ್ಲ, ಒಂದು ತುದಿಲಿ ಅರ್ಧ ಇಂಚು ಆಚೆ ಹೋಗಿರತ್ತೆ, ನಾವು ಅಲ್ಲೇ ಕೆತ್ತಿ ಕೂರಿಸ್ತೀವಿ, ಫ್ಯಾಕ್ಟರಿಯವ್ರು ಸಂದು ಮುಚ್ಚೋಕೆ ಫಿಲ್ಲರ್ ಪಟ್ಟಿ ಹೊಡೀತಾರೆ. ಯಾರೇ ಮಾಡ್ಲಿ, ಸಿಂಕ್ ಕಡೆ ಪ್ಲೈ ಮೇಲೆ ಐಎಸ್ 710 ಅಂತ ಸೀಲ್ ಇರ್ಬೇಕು, ಅದು ಮರೀನ್ ಪ್ಲೈನ ಗುಣಮಟ್ಟದ ನಂಬರು, 72 ಗಂಟೆ ಕುದಿಯೋ ನೀರಲ್ಲಿ ಇಟ್ರೂ ಪದರ ಬಿಡಬಾರ್ದು ಅನ್ನೋ ಟೆಸ್ಟ್ ಅದಕ್ಕಿದೆ. ಐಎಸ್ 303 ಅಂತಿದ್ರೆ ಅದು ಸಾಮಾನ್ಯ ಬಳಕೆ ಪ್ಲೈ, ಅಲ್ಲಿಗೆ ಬೇಡ. ಶೀಟ್ ಕೊಯ್ಯೋಕೆ ಮುಂಚೆನೇ ಸೀಲ್ ನೋಡಿ, ಲ್ಯಾಮಿನೇಟ್ ಅಂಟಿಸಿದ್ಮೇಲೆ ಏನೂ ಕಾಣಲ್ಲ. ರೇಟ್ ಹೋಲಿಸೋವಾಗ ಹುಷಾರು, ಅಂಗಡಿಯವ್ರು ಸುಮಾರು ಸಲ ಮುಂಭಾಗದ ಅಡಿ ಲೆಕ್ಕ ಹೇಳಿ ಬಾಸ್ಕೆಟ್, ಡ್ರಾಯರ್ ಜಾರೋ ಚಾನೆಲ್ ಇವಕ್ಕೆಲ್ಲಾ ರೇಟ್ ಬೇರೆ ಹಾಕ್ತಾರೆ. ನಮ್ಮವ್ರೂ ಕೂಲಿ ಮಾತ್ರ ಹೇಳಿ ಹಿಂಜ್ ನೀವೇ ತನ್ನಿ ಅಂತಾರೆ. ಇಬ್ರ ಹತ್ರನೂ ಬರೆಸ್ಕೊಳ್ಳಿ.

ತೀರ್ಥಳ್ಳಿ ಅಕ್ಕ:
ನಮ್ಮಲ್ಲಿ ಕೆಳಗೆ ಕಡಪಾ ಕಲ್ಲು ನಿಲ್ಸಿ ಮುಂದೆ ಅಲ್ಯೂಮಿನಿಯಂ ಫ್ರೇಮಿಗೆ ಬಾಗಿಲು ಮಾತ್ರ ಹಾಕ್ಸಿದೀವಿ. ಗೆದ್ದಲಿಲ್ಲ, ನೀರು ಹಾಕಿ ತೊಳೀತೀನಿ. ಮೇಲಿಂದು ಫ್ಯಾಕ್ಟರಿದು. ಮಳೆ ಊರಿಗೆ ಇದೇ ಸರಿ ತಂಗಿ, ಆದ್ರೆ ಡ್ರಾಯರ್ ಕೂರ್ಸೋದು ಕಷ್ಟ.

ಸಾಗರದ ಹುಡುಗಿ:
ಈಗಷ್ಟೇ ಕೊಟೇಶನ್ ತೆಗೆದು ನೋಡ್ದೆ, "ವಾಟರ್ ರೆಸಿಸ್ಟೆಂಟ್ ಬೋರ್ಡ್" ಅಂತಷ್ಟೇ ಇದೆ, ನಂಬರೇ ಇಲ್ಲ! ಅಕ್ಕ ಹೇಳಿದ್ದು ಅಮ್ಮಂಗೂ ಒಪ್ಗೆ ಆಯ್ತು, ಚಮಚದ ಡ್ರಾಯರ್ ಮಾತ್ರ ಬೇಕೇ ಬೇಕಂತೆ. ಒಲೆ ಪಕ್ಕ ಒಂದೇ ಒಂದು ಬಾಕ್ಸ್ 710ರಲ್ಲಿ ಮಾಡ್ಕೊಡ್ತೀರಾ ಅಂತ ನಾಳೆ ಆಚಾರ್ರನ್ನ ಕೇಳ್ತೀನಿ.