ಸಿಬಿಐನ ಭ್ರಷ್ಟಾಚಾರ ತಡೆ ಕೆಲಸವನ್ನು ಅಳೆಯೋದು ಹೇಗೆ? ಶಿಕ್ಷೆಯ ಪ್ರಮಾಣ ನೋಡಿದ್ರೆ ಸಾಕಾ?

ಹೇಮಾವತಿ_ದಂಡೆ:
ನಮಸ್ಕಾರ. ಸಿಬಿಐ ಭ್ರಷ್ಟಾಚಾರದ ಕೇಸುಗಳನ್ನು ಎಷ್ಟು ಚೆನ್ನಾಗಿ ನಿಭಾಯಿಸ್ತಿದೆ ಅಂತ ಒಂದು ಮೌಲ್ಯಮಾಪನ ಬರೆಯಬೇಕಿದೆ. ಕೈಲಿರೋದು ಕೇಂದ್ರ ಜಾಗೃತ ಆಯೋಗದ (ಸಿವಿಸಿ) 2023ರ ವಾರ್ಷಿಕ ವರದಿ. ಅದರಲ್ಲಿ ಶಿಕ್ಷೆಯ ಪ್ರಮಾಣ ಶೇ 71.47 ಅಂತಿದೆ. 2022ರಲ್ಲಿ ಶೇ 74.59 ಇತ್ತು. ಸ್ವಲ್ಪ ಇಳಿದಿದ್ರೂ ನೂರಕ್ಕೆ ಎಪ್ಪತ್ತು ಕೇಸು ಗೆಲ್ಲೋ ಸಂಸ್ಥೆ ಚೆನ್ನಾಗಿದೆ ಅಂತ ಬರೆದ್ರೆ ತಪ್ಪಾಗುತ್ತಾ? ಬೇರೆ ಏನು ನೋಡಬೇಕು, ಬಲ್ಲವರು ತಿಳಿಸಿ.

ಕಡತ_ಕಪಾಟು:
ತಪ್ಪಾಗುತ್ತೆ. ಆ ಶೇ 71.47 ಯಾವುದರ ಮೇಲೆ ಲೆಕ್ಕ ಹಾಕಿದ್ದು ಅಂತ ಮೊದಲು ನೋಡಿ. ಆ ವರ್ಷ ವಿಚಾರಣಾ ನ್ಯಾಯಾಲಯದಲ್ಲಿ ತೀರ್ಪು ಬಂದ ಕೇಸುಗಳ ಮೇಲೆ ಮಾತ್ರ. ಪ್ರಾಥಮಿಕ ವಿಚಾರಣೆಯಲ್ಲೇ ಕೈಬಿಟ್ಟದ್ದು, ಬಿ ರಿಪೋರ್ಟ್ ಹಾಕಿ ಮುಚ್ಚಿದ್ದು, ಮೇಲ್ಮನವಿಯಲ್ಲಿ ಬಿದ್ದುಹೋದದ್ದು ಯಾವುದೂ ಅದರೊಳಗೆ ಬರಲ್ಲ.

ಅದೇ ವರದಿಯಲ್ಲಿ ಬಾಕಿ ಕೇಸುಗಳ ಕೋಷ್ಟಕ ಇದೆ, ಅದನ್ನು ತೆಗೀರಿ. 2023ರ ಕೊನೆಗೆ ವಿಚಾರಣೆ ಬಾಕಿ ಇದ್ದದ್ದು 6,903 ಕೇಸು. 3 ವರ್ಷದ ಒಳಗಿನವು 1,379, ಮೂರರಿಂದ ಐದು ವರ್ಷದವು 875, ಐದರಿಂದ ಹತ್ತು ವರ್ಷದವು 2,188, ಹತ್ತು ವರ್ಷ ದಾಟಿದವು 2,461. ಅಂದ್ರೆ ಮೂರರಲ್ಲಿ ಎರಡು ಕೇಸು ಐದು ವರ್ಷಕ್ಕಿಂತ ಹಳೆಯವು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಾಗ ವಿಚಾರಣೆ 2 ವರ್ಷದಲ್ಲಿ ಮುಗಿಸೋಕೆ ಪ್ರಯತ್ನಿಸಬೇಕು, ಕಾರಣ ಬರೆದು ವಿಸ್ತರಿಸಿದ್ರೂ ಒಟ್ಟು 4 ವರ್ಷ ಮೀರಬಾರದು ಅಂತ ಸೇರಿಸಿದ್ರು. ಈ ಕೋಷ್ಟಕವನ್ನು ಆ ಗಡುವಿನ ಪಕ್ಕ ಇಟ್ಟು ನೋಡಿ.

ಇನ್ನೊಂದು ವಿಷಯ. ಈ ವರ್ಷ ಶಿಕ್ಷೆ ಆದ ಕೇಸಿನ ತನಿಖೆ ಎಷ್ಟೋ ವರ್ಷದ ಹಿಂದಿನದು. ಹಾಗಾಗಿ ಈ ಶೇಕಡಾವಾರು ಹೇಳೋದು ಅಂದಿನ ತನಿಖಾಧಿಕಾರಿಗಳ ಗುಣಮಟ್ಟವನ್ನು, ಇಂದಿನವರದ್ದನ್ನಲ್ಲ. ಇಂದಿನದು ಬೇಕಿದ್ರೆ ತನಿಖಾ ಹಂತ ನೋಡಬೇಕು. ಎಫ್‌ಐಆರ್ ಆದ ಒಂದು ವರ್ಷದಲ್ಲಿ ತನಿಖೆ ಮುಗಿಯಬೇಕು ಅನ್ನೋದು ನಿಯಮ. ಅದರೊಳಗೆ ಎಷ್ಟು ಮುಗಿದವು ಅಂತ ಬೇರೆ ಬರೀರಿ. ಕೋರ್ಟಿನ ತಡವನ್ನೂ ತನಿಖೆಯ ತಡವನ್ನೂ ಒಂದೇ ಸಾಲಿನಲ್ಲಿ ಸೇರಿಸಬೇಡಿ.

ವಕೀಲ್ರು_ಧಾರವಾಡ:
ಮೇಲಿನವರು ಹೇಳಿದ್ದು ಸರಿ ಐತಿ. ನಾ ಹೇಳೋದು ಕೇಸು ಎಂಥವು ಅನ್ನೋದರ ಬಗ್ಗೆ. ಟ್ರ್ಯಾಪ್ ಕೇಸು (ಲಂಚ ತಗೊಳ್ಳುವಾಗ ಬಲಿ ಬೀಸಿ ಹಿಡದದ್ದು) ಎಷ್ಟು, ಆದಾಯ ಮೀರಿದ ಆಸ್ತಿ ಕೇಸು ಎಷ್ಟು, ಟೆಂಡರ್ ಮತ್ತು ಖರೀದಿ ಕೇಸು ಎಷ್ಟು ಅಂತ ಬಿಡಿಸದೆ ಯಾವ ಶೇಕಡಾವಾರಿಗೂ ಅರ್ಥ ಇಲ್ಲ.

ಟ್ರ್ಯಾಪ್ ಕೇಸಿಗೆ ದಾರಿ ಸಲೀಸು. ನೋಟಿನ ನಂಬರು ಬರೆದು, ಫೀನಾಲ್ಫ್ತಲೀನ್ ಪುಡಿ ಹಚ್ಚಿ, ಇಬ್ಬರು ಪಂಚರ ಎದುರು ಮಹಜರು ಮಾಡ್ತಾರ. ದುಡ್ಡು ಮುಟ್ಟಿದ ಕೈ ಸೋಡಿಯಂ ಕಾರ್ಬೊನೇಟ್ ನೀರಿನೊಳಗ ಅದ್ದಿಸಿದ್ರ ನೀರು ಗುಲಾಬಿ ಬಣ್ಣಕ್ಕ ತಿರಗತೈತಿ. ಆ ನೀರನ್ನ ಬಾಟ್ಲಿಗೆ ಹಾಕಿ, ಸೀಲ್ ಮಾಡಿ ಪ್ರಯೋಗಾಲಯಕ್ಕ ಕಳಸ್ತಾರ. ಆದ್ರ ಗುಲಾಬಿ ನೀರು ದುಡ್ಡು ಮುಟ್ಟಿದ್ದನ್ನ ತೋರಸ್ತದ, ಕೇಳಿದ್ದನ್ನ ಅಲ್ಲ. ಲಂಚ ಕೇಳಿದ್ದು ಸಾಬೀತಾಗ್ಲಿಲ್ಲ ಅಂದ್ರ ಕೇಸು ಬೀಳತೈತಿ. ಧ್ವನಿಮುದ್ರಿಕೆ ಇದ್ರೂ ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಸರಿ ಇರಲಿಲ್ಲ ಅಂದ್ರ ಅದು ಉಪಯೋಗಕ್ಕ ಬರೂದಿಲ್ಲ. ದೂರುದಾರ ಪ್ರತಿಕೂಲ ಸಾಕ್ಷಿ ಆದ್ರೂ (ಕೋರ್ಟಿನೊಳಗ ಹೇಳಿಕೆ ತಿರುಗಿಸಿದ್ರೂ) ಸಾಂದರ್ಭಿಕ ಸಾಕ್ಷ್ಯದಿಂದ ಲಂಚದ ಬೇಡಿಕೆ ಸಾಬೀತು ಮಾಡಬಹುದು ಅಂತ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀರಜ್ ದತ್ತಾ ಪ್ರಕರಣದೊಳಗ ಹೇಳೇತಿ. ಆ ತೀರ್ಪಿನ ಆಮ್ಯಾಗಿನ ಖುಲಾಸೆಗಳನ್ನ ಬ್ಯಾರೆ ಎಣಸ್ರಿ.

ದೊಡ್ಡ ಖರೀದಿ ಕೇಸಿಗೆ ಬಾಗಿಲೊಳಗ ತಡೆ ಐತಿ. ಅಧಿಕಾರಿ ಕರ್ತವ್ಯದಾಗ ತಗೊಂಡ ನಿರ್ಧಾರದ ಬಗ್ಗೆ ತನಿಖೆ ಮಾಡಬೇಕಂದ್ರ 2018ರಿಂದ ಭ್ರಷ್ಟಾಚಾರ ತಡೆ ಕಾಯ್ದೆಯ ಕಲಂ 17ಎ ಪ್ರಕಾರ ಮೊದಲೇ ಸರ್ಕಾರದ ಒಪ್ಪಿಗೆ ಬೇಕು. ಲಂಚ ತಗೊಳ್ಳುವಾಗ ಸ್ಥಳದಾಗ ಹಿಡದ್ರ ಬ್ಯಾಡ. ಚಾರ್ಜ್‌ಶೀಟ್ ಹಾಕಿದ ಮ್ಯಾಲೆ ಕೋರ್ಟು ಕೇಸು ಕೈಗೆತ್ತಿಕೊಳ್ಳಾಕ ಕಲಂ 19ರ ಮಂಜೂರಾತಿ ಬೇಕು. ಎರಡಕ್ಕೂ ಗಡುವು ಮೂರು ತಿಂಗಳು, ಹೆಚ್ಚಂದ್ರ ಇನ್ನೊಂದು ತಿಂಗಳು. ಇದರ ಪರಿಣಾಮ ಏನ್ರಿ? ಸಣ್ಣ ನೌಕರನ ಟ್ರ್ಯಾಪ್ ಸುಲಭ, ಸಹಿ ಹಾಕಿದ ಹಿರಿಯ ಅಧಿಕಾರಿಯ ಕಡತ ಕಷ್ಟ. ಅದಕ್ಕ ಆರೋಪಿಗಳ ದರ್ಜೆ ನೋಡ್ರಿ, ಗ್ರೂಪ್ ಎ ಅಧಿಕಾರಿಗಳು ಎಷ್ಟು, ಗ್ರೂಪ್ ಸಿ ನೌಕರರು ಎಷ್ಟು. 17ಎ ಒಪ್ಪಿಗೆ ಎಷ್ಟು ಕೇಳಿದ್ರು, ಎಷ್ಟು ನಿರಾಕರಿಸಿದ್ರು, ಎಷ್ಟು ಉತ್ತರನ ಇಲ್ದ ಕುಂತಾವು ಅನ್ನೂದನ್ನ ಮಾಹಿತಿ ಹಕ್ಕಿನಡಿ ಇಲಾಖೆಗಳನ್ನ ಕೇಳ್ರಿ. ಸಿಬಿಐಯನ್ನ ಕೇಳಿ ಪ್ರಯೋಜನ ಕಡಿಮಿ, ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯೊಳಗ ಅದಕ್ಕ ವಿನಾಯಿತಿ ಐತಿ.

ಹೇಮಾವತಿ_ದಂಡೆ:
ತುಂಬಾ ಉಪಕಾರ ಆಯ್ತು ಸರ್. ಇಂಡೊನೇಷ್ಯಾದ ಭ್ರಷ್ಟಾಚಾರ ನಿರ್ಮೂಲನ ಆಯೋಗ ಕೆಪಿಕೆಗೆ ನೂರರ ಹತ್ತಿರ ಶಿಕ್ಷೆಯ ಪ್ರಮಾಣ ಇತ್ತಂತೆ. ಹೋಲಿಕೆಗೆ ಅದನ್ನು ಹಾಕಬಹುದಾ?

ಕಡತ_ಕಪಾಟು:
ಹಾಗೇ ಹಾಕಬೇಡಿ. 2019ರಲ್ಲಿ ಕಾಯ್ದೆ ಬದಲಾಗೋ ತನಕ ಕೆಪಿಕೆಗೆ ಒಮ್ಮೆ ಆರೋಪಿ ಅಂತ ಹೆಸರಿಸಿದ ಮೇಲೆ ತನಿಖೆ ನಿಲ್ಲಿಸೋ ಅಧಿಕಾರವೇ ಇರಲಿಲ್ಲ. ಹಾಗಾಗಿ ಸಾಕ್ಷ್ಯ ಗಟ್ಟಿ ಆಗದೆ ಯಾರನ್ನೂ ಹೆಸರಿಸದೆ ಇರೋದೇ ಅವರಿಗೆ ಕ್ಷೇಮ, ಗೆಲ್ಲೋ ಕೇಸುಗಳೇ ಕೋರ್ಟಿಗೆ ಹೋದ್ರೆ ಶಿಕ್ಷೆಯ ಪ್ರಮಾಣ ತಾನಾಗೇ ಏರುತ್ತೆ. ಹೋಲಿಸೋದಾದ್ರೆ ಹಾಂಗ್‌ಕಾಂಗ್‌ನ ಭ್ರಷ್ಟಾಚಾರ ತಡೆ ಆಯೋಗ ಐಸಿಎಸಿಯ ಒಂದು ಅಳತೆ ತಗೊಳ್ಳಿ. ದೂರುದಾರರಲ್ಲಿ ಹೆಸರು ಹೇಳಿ ಬಂದವರೆಷ್ಟು ಅಂತ ಅವರು ಎಣಿಸ್ತಾರೆ. ಜನರ ನಂಬಿಕೆಗೆ ಅದಕ್ಕಿಂತ ನೇರವಾದ ಗುರುತು ಸಿಗೋದು ಕಷ್ಟ.

ಬಯಲುಸೀಮೆ_77:
ಎರಡು ಎಚ್ಚರಿಕೆ. ಒಂದು, ಕರ್ನಾಟಕದ ಅಂಕಿಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸೋರು 2024ರ ಸೆಪ್ಟೆಂಬರ್‌ನಲ್ಲಿ ಒಂದು ಗೆರೆ ಎಳೀಬೇಕು. ರಾಜ್ಯ ಸರ್ಕಾರ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು (ಪ್ರತಿ ಕೇಸಿಗೂ ಬೇರೆ ಬೇರೆ ಕೇಳದೆ ರಾಜ್ಯದಲ್ಲಿ ತನಿಖೆ ಮಾಡೋ ಅನುಮತಿ) ವಾಪಸ್ ತಗೊಂಡದ್ದು ಆಗ. ಹೈಕೋರ್ಟ್, ಸುಪ್ರೀಂ ಕೋರ್ಟ್ ಆದೇಶಿಸಿದ ತನಿಖೆಗೆ ಇದು ಅಡ್ಡ ಬರಲ್ಲ. ಆದ್ರೆ ಆಮೇಲೆ ಎಫ್‌ಐಆರ್ ಸಂಖ್ಯೆ ಕಡಿಮೆ ಆದ್ರೆ ಅದನ್ನು ಸಂಸ್ಥೆಯ ಸೋಮಾರಿತನ ಅಂತ ಬರೆಯೋ ಹಾಗಿಲ್ಲ.

ಎರಡು, ಲೋಕಪಾಲ್ (ಕೇಂದ್ರ ಮಟ್ಟದ ಭ್ರಷ್ಟಾಚಾರದ ದೂರು ವಿಚಾರಿಸೋ ಸಂಸ್ಥೆ) ಕಳಿಸಿದ ಕೇಸುಗಳನ್ನು ಬೇರೆ ಇಡಿ, ಅವುಗಳ ಮೇಲ್ವಿಚಾರಣೆ ಲೋಕಪಾಲರದ್ದು. ಲೋಕಪಾಲ್ ಕಾಯ್ದೆ ಜಾರಿ ಆದದ್ದು 2014ರ ಜನವರಿಯಲ್ಲಿ, ಮೊದಲ ಲೋಕಪಾಲರು ಬಂದದ್ದು 2019ರ ಮಾರ್ಚ್‌ನಲ್ಲಿ. ಲೋಕಪಾಲ್ ಈ ತನಕ ಒಬ್ಬರ ಮೇಲೂ ಅಭಿಯೋಜನೆ (ಕೋರ್ಟಿನಲ್ಲಿ ಮೊಕದ್ದಮೆ) ನಡೆಸಿಲ್ಲ, ನಮೂನೆ ಸರಿ ಇಲ್ಲ ಅಂತಲೇ ಬಹಳ ದೂರು ವಿಲೇ ಆಗ್ತಿವೆ ಅಂತ 2023ರಲ್ಲಿ ಸಂಸದೀಯ ಸಮಿತಿ ಹೇಳಿತು. ದೂರು ವಿಲೇವಾರಿ ಸಂಖ್ಯೆ ನೋಡಿ ಹಿಗ್ಗಬಾರದು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಅಂದ ಹಾಗೆ, 2020ರ ನಿಯಮದ ಪ್ರಕಾರ ಲೋಕಪಾಲಕ್ಕೆ ಕನ್ನಡದಲ್ಲೂ ದೂರು ಕೊಡಬಹುದು. ನಿಗದಿತ ನಮೂನೆ, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಇರಬೇಕು, ಘಟನೆ ನಡೆದು 7 ವರ್ಷ ದಾಟಿರಬಾರದು.