ಸೈನಸ್‌ಗೆ ಬಲೂನ್ ಸಾಕಾ, ಫೆಸ್ಸೇ ಬೇಕಾ?

ಪ್ರಶ್ನೆ:
ಆರು ತಿಂಗಳಿಂದ ಮೂಗು ಕಟ್ಟಿದೆ, ಗಂಟಲಿಗೆ ಕಫ ಇಳಿಯುತ್ತಲೇ ಇದೆ, ವಾಸನೆಯೂ ಸರಿಯಾಗಿ ಗೊತ್ತಾಗಲ್ಲ. ಸ್ಟಿರಾಯ್ಡ್ ಸ್ಪ್ರೇ, ಉಪ್ಪುನೀರು, ಆಂಟಿಬಯಾಟಿಕ್ ಎಲ್ಲ ಆಯಿತು. ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಕಡೆ ಕೆನ್ನೆಯೊಳಗಿನ ಮ್ಯಾಕ್ಸಿಲರಿ, ಕಣ್ಣುಗಳ ನಡುವಿನ ಎತ್ಮಾಯ್ಡ್ ಸೈನಸ್‌ಗಳು ತುಂಬಿವೆ, ಮೂಗಿನ ಮೂಳೆ ಎಡಕ್ಕೆ ಬಾಗಿದೆ. ಒಬ್ಬ ಡಾಕ್ಟರು ಬಲೂನ್ ಅಂತಾರೆ, ಇನ್ನೊಬ್ಬರು ಫೆಸ್ (ಮೂಗಿನೊಳಗಿಂದ ಎಂಡೋಸ್ಕೋಪ್ ಅನ್ನೋ ಕ್ಯಾಮೆರಾ ಕೊಳವೆ ಹಾಕಿ ಮಾಡೋ ಸೈನಸ್ ಆಪರೇಷನ್) ಜೊತೆ ಸೆಪ್ಟೋಪ್ಲಾಸ್ಟಿ (ಬಾಗಿದ ಮೂಳೆ ನೇರ ಮಾಡೋದು) ಅಂತಾರೆ. ಯಾವುದು ಸರಿ?

ಉತ್ತರ 1:
ಎತ್ಮಾಯ್ಡ್ ತುಂಬಿದ್ದರೆ ಬಲೂನ್ ಒಂದರಿಂದಲೇ ಕೆಲಸ ಆಗಲ್ಲ. ಬಲೂನ್‌ನಲ್ಲಿ ಗೈಡ್ ವೈರ್ ಅನ್ನೋ ತೆಳು ತಂತಿಯ ಮೇಲೆ 5–7 ಮಿ.ಮೀ. ಅಗಲದ ಬಲೂನನ್ನು ಸೈನಸ್ಸಿನ ಬಾಯಿಗೆ ತಂದು ಕೆಲವು ಸೆಕೆಂಡ್ ಉಬ್ಬಿಸ್ತಾರೆ. ಬಾಯಿ ಅಗಲವಾಗುತ್ತೆ, ಏನನ್ನೂ ಕತ್ತರಿಸಲ್ಲ, ಸ್ಥಳೀಯ ಅರಿವಳಿಕೆಯಲ್ಲೇ ಮುಗಿಸಬಹುದು. ಮ್ಯಾಕ್ಸಿಲರಿ, ಫ್ರಂಟಲ್ (ಹಣೆಯದು), ಸ್ಫೀನಾಯ್ಡ್‌ಗೆ (ಮೂಗಿನ ಹಿಂದೆ ಆಳದಲ್ಲಿರೋದು) ಇದು ನಡೆಯುತ್ತೆ. ಎತ್ಮಾಯ್ಡ್ ಅಂದರೆ ಕಣ್ಣುಗಳ ನಡುವೆ ಜೇನುಗೂಡಿನ ಹಾಗಿರೋ ಸಣ್ಣ ಸಣ್ಣ ಕೋಣೆಗಳು. ಗೋಡೆ ತೆಗೆಯದೆ ಕಫಕ್ಕೆ ದಾರಿಯಿಲ್ಲ. ಮೂಗಲ್ಲಿ ದುರ್ಮಾಂಸ (ಪಾಲಿಪ್), ಸೈನಸ್ಸಲ್ಲಿ ಫಂಗಸ್ ಗಡ್ಡೆ ಇದ್ದರೂ ಬಲೂನ್ ಬಿಡಿ.

ಫೆಸ್‌ನಲ್ಲಿ ಡಾಕ್ಟರನ್ನು ಕೇಳಬೇಕಾದ್ದು: ಮ್ಯಾಕ್ಸಿಲರಿಯ ಸಹಜ ಬಾಯಿಯನ್ನೇ ದೊಡ್ಡದು ಮಾಡ್ತೀರಾ? ಮುಂದಿರೋ ಅನ್ಸಿನೇಟ್ ಅನ್ನೋ ತೆಳು ಮೂಳೆಯನ್ನು ಪೂರ್ತಿ ತೆಗೆಯದಿದ್ದರೆ ಆ ಬಾಯಿ ಕಣ್ಣಿಗೆ ಬೀಳಲ್ಲ. ಆ ಸಹಜ ಬಾಯಿಯನ್ನು ಬಿಟ್ಟು ಹಿಂದೆ ಇನ್ನೊಂದು ತೂತು ಮಾಡಿದರೆ, ಒಳಗಿನ ಸೂಕ್ಷ್ಮ ರೋಮಗಳು ಕಫವನ್ನು ಹಳೆ ಬಾಯಿಗೇ ತಳ್ಳುತ್ತವೆ; ಹೊರಬಂದ ಕಫ ಹೊಸ ತೂತಿನಿಂದ ಮತ್ತೆ ಒಳಗೆ ಹೋಗುತ್ತೆ. ಆಪರೇಷನ್ ಆಗಿಯೂ ಕಫ ನಿಲ್ಲದವರಲ್ಲಿ ಇದನ್ನೂ ನೋಡಬೇಕು.

ಬಾಗಿದ ಮೂಳೆ ಬಹಳ ಜನಕ್ಕಿದೆ. ಉಸಿರಾಟಕ್ಕೋ ಎಂಡೋಸ್ಕೋಪ್ ಹೋಗೋದಕ್ಕೋ ಅಡ್ಡ ಬಂದರೆ ಮಾತ್ರ ಸೆಪ್ಟೋಪ್ಲಾಸ್ಟಿ. ಸಿಟಿಯಲ್ಲಿ ಕಂಡಿತು ಅನ್ನೋದು ಕಾರಣವಲ್ಲ.

ಉತ್ತರ 2:
ಓದುತ್ತಿರೋ ಬೇರೆಯವರಿಗೆ ಒಂದು ಮಾತು. ಒಂದೇ ಕಡೆ ಮ್ಯಾಕ್ಸಿಲರಿ ತುಂಬಿ ಕೊಳೆತ ವಾಸನೆ ಬರ್ತಿದ್ದರೆ ಮೊದಲು ಮೇಲ್ದವಡೆಯ ಹಲ್ಲಿನ ಬೇರು ತೋರಿಸಿ. ಹಲ್ಲಿನ ಕೀವು ಹಾಗೇ ಇದ್ದರೆ ಎಷ್ಟು ಚೆನ್ನಾಗಿ ಫೆಸ್ ಮಾಡಿದರೂ ತಿರುಗಿ ತುಂಬುತ್ತೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಫೆಸ್ ಆದಮೇಲೂ ಮತ್ತೆ ಬರುತ್ತೆ ಅಂತಾರಲ್ಲ?

ಉತ್ತರ 3:
ದುರ್ಮಾಂಸ ಇರೋರಿಗೆ, ಅದರಲ್ಲೂ ಆಸ್ತಮಾ ಜೊತೆಗಿದ್ದರೆ, ಬರುತ್ತೆ. ಒಳಪೊರೆಯ ಊತವನ್ನು ಆಪರೇಷನ್ ತೆಗೆಯಲ್ಲ, ಔಷಧಿ ಒಳಗೆ ತಲುಪೋ ಹಾಗೆ ಮಾಡುತ್ತೆ ಅಷ್ಟೇ. ಹಾಗಾಗಿ ಸ್ಪ್ರೇ ನಿಲ್ಲಿಸೋ ಹಾಗಿಲ್ಲ. 240 ಮಿ.ಲೀ. ಬಾಟಲಿಯಲ್ಲಿ ಉಪ್ಪುನೀರು ದಿನಕ್ಕೆ ಎರಡು ಸಲ. ನೀರು ಕುದಿಸಿ ಆರಿಸಿದ್ದೇ ಆಗಬೇಕು, ಹಸಿ ನಲ್ಲಿನೀರಲ್ಲಿ ಅಮೀಬಾ ಸೋಂಕಿನ ಭಯ ಇದೆ. ಆಮೇಲೆ ಡಾಕ್ಟರ ಹತ್ತಿರ ಹಕ್ಕಳೆ ತೆಗೆಸೋದನ್ನು ತಪ್ಪಿಸಬೇಡಿ. ತಪ್ಪಿಸಿದರೆ ಮಧ್ಯದ ಟರ್ಬಿನೇಟ್ (ಮೂಗಿನೊಳಗೆ ಚಾಚಿರೋ ಮೂಳೆಯ ಮಡಿಕೆ) ಪಕ್ಕದ ಗೋಡೆಗೆ ಅಂಟಿಕೊಂಡು, ತೆರೆದ ಬಾಯಿ ಮುಚ್ಚಿಹೋಗಬಹುದು.

ಡಾಕ್ಟರು ಹೇಳೋವರೆಗೆ ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮೆದುಳಿನ ಸುತ್ತಲಿನ ದ್ರವ ಇರಬಹುದು. ಅದಕ್ಕೂ, ಕಣ್ಣು ಊದಿದರೆ ಅಥವಾ ನೋಟ ಮಬ್ಬಾದರೂ ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.