ಸಹಾಯ ಬೇಕು: ಟಾರ್ಚಿಗೆ ಲಿಥಿಯಂ ಸೆಲ್ ಹಾಕುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ರಾತ್ರಿ ಕೊಟ್ಟಿಗೆಗೆ ಹೋಗಲು ಅಪ್ಪಯ್ಯನಿಗೆ ಟಾರ್ಚ್ ಬೇಕೇ ಬೇಕು.

ಸಂತೆಯಲ್ಲಿ ತಂದ 150 ರೂಪಾಯಿಯ ಎಲ್‌ಇಡಿ ಟಾರ್ಚ್ ಈಗ ಐದು ನಿಮಿಷಕ್ಕೇ ಮಂಕಾಗುತ್ತದೆ. ಬಿಚ್ಚಿ ನೋಡಿದೆ. ಒಳಗಿನ 4 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಉಬ್ಬಿದೆ. ರಾತ್ರಿಯಿಡೀ ಚಾರ್ಜ್ ಮಾಡಿದರೂ ಮೀಟರಿನಲ್ಲಿ 2.1 ವೋಲ್ಟ್ ಅಷ್ಟೇ. ಒಳಗಿನ ಎರಡು ಸೆಲ್‌ಗಳಲ್ಲಿ ಒಂದು ಸತ್ತಿರಬೇಕು, ಅಲ್ವಾ?

ಹಳೇ ಲ್ಯಾಪ್‌ಟಾಪಿನಿಂದ ತೆಗೆದ 18650 ಅನ್ನುವ ದುಂಡನೆಯ ಲಿಥಿಯಂ ಸೆಲ್ ಒಂದಿದೆ, ಅದನ್ನೇ ಹಾಕೋಣ ಅಂತ. ಆದರೆ ಚಾರ್ಜಿಂಗ್ ಬೋರ್ಡಿನಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ. ಒಂದು ಕೆಪಾಸಿಟರ್, ನಾಲ್ಕು ಡಯೋಡ್. ಪ್ಲಗ್ ಹಾಕಿದಾಗ ಒಳಗೆ ಏನು ಮುಟ್ಟಿದರೂ ಶಾಕ್ ಹೊಡೆಯಬಹುದು. ಲಿಥಿಯಂ ಸೆಲ್ಲಿನ ಚಾರ್ಜಿಂಗ್ 4.2 ವೋಲ್ಟಿಗೆ ನಿಲ್ಲಬೇಕು, ಈ ಬೋರ್ಡ್ ನಿಲ್ಲಿಸುವುದಿಲ್ಲ. ಹಾಗಾಗಿ ಅದನ್ನು ಕಿತ್ತು, ಮೊಬೈಲ್ ಚಾರ್ಜರಿನಿಂದ ನಡೆಯುವ ಟಿಪಿ4056 ಮಾಡ್ಯೂಲ್ (ಲಿಥಿಯಂ ಸೆಲ್ ಚಾರ್ಜ್ ಮಾಡುವ ಪುಟ್ಟ ಬೋರ್ಡ್) ಹಾಕುವ ಯೋಚನೆ.

ಮಾಡ್ಯೂಲ್ 1 ಆಂಪಿಯರ್ ಕೊಡುತ್ತದೆ. ಹಳೇ ಸೆಲ್ಲಿಗೆ ಅದು ಜಾಸ್ತಿಯಾದರೆ ಯಾವ ರೆಸಿಸ್ಟರ್ ಬದಲಿಸಬೇಕು? ಸೆಲ್ ತೀರಾ ಖಾಲಿಯಾಗದಂತೆ ತಡೆಯುವ ಮಾಡ್ಯೂಲೇ ಬೇಕಾ? ಮಳೆಯ ಥಂಡಿ ಒಳಗೆ ಹೋಗದಂತೆ ಚಾರ್ಜಿಂಗ್ ತೂತನ್ನು ಹೇಗೆ ಮುಚ್ಚುತ್ತೀರಿ? ಶಿವಮೊಗ್ಗದಲ್ಲಿ ದುರ್ಗಿಗುಡಿ, ಗಾಂಧಿ ಬಜಾರ್ ಕಡೆ ಈ ಮಾಡ್ಯೂಲ್ ಸಿಗುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಬರುವ ವಾರ ಪೇಟೆಗೆ ಹೋಗುವುದಿದೆ.